ಲಿಫ್ಟ್ ಮಾಮ ಬೆಟ್ಟ ಹತ್ತಿದ್ದು

ಕಾಡಿನ ಬಾಗಿಲಲ್ಲಿ ನಿಂತು, ಮಂಡಿ ಹಿಡಿದುಕೊಂಡು "ಅಯ್ಯಯ್ಯೋ" ಎಂದ ಹೆಂಡತಿಯನ್ನು ನೋಡಿದ ಕೂಡಲೇ ಲಿಫ್ಟ್ ಮಾಮನಿಗೆ ಇದು ನಾಟಕ ಎಂದು ಗೊತ್ತಾಗಿಹೋಯಿತು. ಹಿಂದಿನ ದಿನ ಎರಡೂ ಕೈಯಲ್ಲಿ ಚೀಲ ಹಿಡಿದು, ಹೊರಡುತ್ತಿದ್ದ ಬಸ್ಸಿಗೆ ಅವನಿಗಿಂತ ಮುಂದೆ ಓಡಿದವಳು ಅವಳೇ. ಈಗ ನೋಡಿದರೆ, ರಾಷ್ಟ್ರೀಯ ಉದ್ಯಾನದ ಹಸಿರು ಗೇಟು ಕಣ್ಣೆದುರಿಗಿರುವಾಗ, ಬೆಟ್ಟಕ್ಕೆ ಕರೆದೊಯ್ಯುವ ಗೈಡು ಬೂಟಿನ ದಾರ ಬಿಗಿದು ಎದ್ದು ನಿಂತಿರುವಾಗ, ಮಂಡಿ ಕೈಕೊಟ್ಟಿದೆಯಂತೆ.

"ನೀವಿಬ್ರೂ ಹೋಗಿ ಬನ್ನಿ. ನಾನು ಗೆಸ್ಟ್ ಹೌಸಲ್ಲಿ ಕಾಲು ಚಾಚ್ಕೊಂಡು ಕೂತಿರ್ತೀನಿ," ಎಂದಳು.

"ನಿನ್ನೆ ಬಸ್ಸಿಗೆ ಓಡಿದ್ದು ಯಾರ ಮಂಡಿ?"

"ನಿನ್ನೆ ಓಡಿದ್ದಕ್ಕೇ ಅಲ್ವಾ ಇವತ್ತು ನೋವು? ಇಷ್ಟು ವರ್ಷ ಆಸ್ಪತ್ರೇಲಿ ಕೆಲಸ ಮಾಡಿ ಅಷ್ಟೂ ತಿಳ್ಕೊಂಡಿಲ್ವಲ್ಲ ನೀವು."

ಮಗಳು ಸ್ವಲ್ಪ ದೂರದಲ್ಲಿ, ಬೆಟ್ಟದ ನಕ್ಷೆ ಬರೆದ ಹಲಗೆಯ ಮುಂದೆ ನಿಂತಿದ್ದಳು. "ಹಾಗಾದ್ರೆ ನಾನೂ ಉಳ್ಕೊಳ್ತೀನಮ್ಮ," ಎಂದಳು, ಹಲಗೆಯಿಂದ ಕಣ್ಣು ತೆಗೆಯದೆ.

"ನೀನು ಉಳ್ಕೊಂಡು ಏನ್ಮಾಡ್ತೀಯ? ನನ್ನ ಮಂಡಿಗೆ ಕಾವಲು ಕೂರ್ತೀಯಾ? ಅಪ್ಪನ್ನ ಒಬ್ರನ್ನೇ ಕಳಿಸಿದ್ರೆ ಯಾವುದಾದ್ರೂ ಮರದ ಬುಡದಲ್ಲಿ ಕೂತ್ಕೊಂಡು ಹೋಗೋ ಬರೋ ಕೋತಿಗಳಿಗೆಲ್ಲ ಮಹಡಿ ಹೇಳ್ತಾ ಇರ್ತಾರೆ. ಹೋಗು, ಜೊತೆಗಿರು."

ಗೈಡು ಜೋರಾಗಿ ನಕ್ಕ. ಮಗಳು ನಗಲಿಲ್ಲ. ಚೀಲವನ್ನು ಹೆಗಲಿಗೇರಿಸಿ ಗೇಟಿನೊಳಗೆ ನಡೆದಳು. ಲಿಫ್ಟ್ ಮಾಮ ಹೆಂಡತಿಯ ಕಡೆ ನೋಡಿದ. ಅವಳು ಮಂಡಿಯ ವಿಷಯ ಮರೆತೇಬಿಟ್ಟು, ಎರಡೂ ಕೈಯಿಂದ ಅವನನ್ನು ಮುಂದಕ್ಕೆ ತಳ್ಳುವ ಸನ್ನೆ ಮಾಡುತ್ತಿದ್ದಳು.

"ಮಾತಾಡಿ ರೀ," ಎಂದಳು ಪಿಸುದನಿಯಲ್ಲಿ. "ಏನಾದ್ರೂ ಮಾತಾಡಿ. ಕೈ ಮುಗೀತೀನಿ."

ಆ ಪುಣ್ಯಾತ್ಮನಿಗೆ ಜಗತ್ತಿನಲ್ಲಿ ಬಾರದ ಕೆಲಸ ಅದೊಂದೇ. ಊರಿನ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುವುದು ಅವನ ಕಸುಬು. ಸ್ಟ್ರೆಚರ್ ಹಿಡಿಸುವಷ್ಟು ಅಗಲದ, ಮುದಿ ಲಿಫ್ಟು ಅದು. ಗುಂಡಿಗಳ ಮೇಲಿನ ಅಂಕಿಗಳು ಸವೆದುಹೋಗಿ ಯಾವುದು ಯಾವ ಮಹಡಿಯದೆಂದು ಅವನ ಬೆರಳಿಗೆ ಮಾತ್ರ ಗೊತ್ತು. ಮೂಲೆಯಲ್ಲಿ ಅವನ ಸ್ಟೂಲು, ತಲೆಯ ಮೇಲೆ ತಿರುಗಿದರೂ ಗಾಳಿ ಬಾರದ ಫ್ಯಾನು. ಪ್ರತಿ ಮಹಡಿ ಬಂದಾಗಲೂ ಅವನು ಗಂಟಲು ಸರಿಮಾಡಿಕೊಂಡು ಘೋಷಿಸುತ್ತಿದ್ದ: ಎರಡನೇ ಮಹಡಿ, ಮೂಳೆ, ಮೂರನೇ ಮಹಡಿ, ಕಣ್ಣು, ಐದನೇ ಮಹಡಿ, ಹೆರಿಗೆ. ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರ ಬಾಯಲ್ಲೂ ಅವನು ಲಿಫ್ಟ್ ಮಾಮ. ಆದರೆ ಘೋಷಣೆ ಬಿಟ್ಟರೆ ಅವನ ಬಾಯಿಂದ ಬೇರೆ ಮಾತು ಹೊರಟಿದ್ದನ್ನು ಕೇಳಿದವರು ಕಡಿಮೆ.

ಅದಕ್ಕೊಂದು ಕಾರಣವಿತ್ತು. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಲಿಫ್ಟಿನವನು ಹೇಳಿಕೊಟ್ಟಿದ್ದ: "ಇಲ್ಲಿ ಅಳೋರು ಬಹಳ ಜನ ಬರ್ತಾರೆ. ಅವರ ಮುಖ ನೋಡಬೇಡ. ಬಾಗಿಲ ಕಡೆ ತಿರುಗಿ ನಿಂತ್ಕೊ. ವಾರ್ಡಲ್ಲಿ ಅಳೋಕೆ ಜಾಗ ಇರಲ್ಲ, ಹೊರಗೆ ಬೀದೀಲಿ ಅಳೋಕಾಗಲ್ಲ. ಐದು ಮಹಡಿ ಇಳಿಯೋ ತನಕ ಆದ್ರೂ ಅವರದು ಅಂತ ಒಂದು ಕೋಣೆ ಇರಲಿ." ಆ ಮಾತು ಲಿಫ್ಟ್ ಮಾಮನ ಮನಸ್ಸಿಗೆ ಹಿಡಿಸಿಬಿಟ್ಟಿತು. ಅಂದಿನಿಂದ ಯಾರಾದರೂ ಮೂಗೆಳೆದ ಸದ್ದು ಕೇಳಿದರೆ ಸಾಕು, ಅವನ ಕಾಲು ತಾನಾಗಿ ತಿರುಗಿ, ಮುಖ ಬಾಗಿಲಿಗೆ ಹೋಗುತ್ತಿತ್ತು. ಅದು ಅವನ ದೃಷ್ಟಿಯಲ್ಲಿ ಮರ್ಯಾದೆ. ಇಳಿಯುವಾಗ ಕೆಲವರು ಅವನ ಬೆನ್ನು ತಟ್ಟಿ ಹೋದದ್ದೂ ಉಂಟು.

ಈ ಒಳ್ಳೆಯ ಅಭ್ಯಾಸವೇ ಅವನಿಗೆ ಮುಳುವಾಯಿತು. ಅದು ನಡೆದು ಈಗ ವರ್ಷ ತುಂಬುತ್ತ ಬಂತು. ಮಗಳು ಅದೇ ಆಸ್ಪತ್ರೆಯ ಐದನೇ ಮಹಡಿಗೆ ಹೆರಿಗೆಗೆ ಬಂದಳು. ದಿನ ತುಂಬಿದ ಮಗು, ಕೊನೆಯ ಗಳಿಗೆಯಲ್ಲಿ ಹೊಟ್ಟೆಯೊಳಗೇ ಎದೆಬಡಿತ ನಿಲ್ಲಿಸಿಬಿಟ್ಟಿತು. ಮಗಳಿಗೆ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಿದರು. ಅವಳು ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಣ್ಣು ಮಗು ಎಂದು ಹೇಳಿದರು, ತೋರಿಸಲಿಲ್ಲ. ನೋಡಿದರೆ ಮರೆಯುವುದು ಕಷ್ಟ ಎಂದು ಡಾಕ್ಟರು, ಅಳಿಯ, ಎರಡೂ ಕಡೆಯ ಹಿರಿಯರು ಸೇರಿ ತೀರ್ಮಾನ ಮಾಡಿಯಾಗಿತ್ತು. ಎಲ್ಲರೂ ಒಳ್ಳೆಯದಕ್ಕೇ ಮಾಡಿದರು, ಮಗಳನ್ನು ಮಾತ್ರ ಯಾರೂ ಕೇಳಲಿಲ್ಲ.

ಮನೆಗೆ ಕಳಿಸುವ ದಿನ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಲಿಫ್ಟಿಗೆ ತಂದರು. ಒಳಗೆ ಬೇರೆ ಇಬ್ಬರು ನಿಂತಿದ್ದರು. ಮಡಿಲಲ್ಲಿ ಖಾಲಿ ಕೈ ಇಟ್ಟುಕೊಂಡು ಕೂತಿದ್ದ ಮಗಳು ತಲೆಯೆತ್ತಿ ಅಪ್ಪನನ್ನು ನೋಡಿದಳು, ಕಣ್ಣಲ್ಲಿ ನೀರು ತುಂಬಿತು. ಲಿಫ್ಟ್ ಮಾಮ ಸರಕ್ಕನೆ ಬಾಗಿಲ ಕಡೆ ತಿರುಗಿ ನಿಂತ. ಬಾಯಿಂದ ಬಂದದ್ದು ಎರಡೇ ಪದ.

"ಯಾವ ಮಹಡಿ?"

ಸ್ವಂತ ಮಗಳನ್ನು ಕೇಳುವ ಮಾತೇ ಅದು? ಹೆತ್ತ ಅಪ್ಪ! ಹೇಳುವವರು ಹೇಳಲಿ, ಅವನಿಗೆ ಆ ಗಳಿಗೆಯಲ್ಲಿ ಬೇರೆ ಭಾಷೆಯೇ ಇರಲಿಲ್ಲ. ಮಗಳು ಸ್ವಲ್ಪ ಹೊತ್ತು ಅವನ ಬೆನ್ನು ನೋಡಿದಳು. ಆಮೇಲೆ "ನೆಲಮಹಡಿ" ಎಂದಳು. ಅಲ್ಲಿಗೆ ಅಪ್ಪ ಮಗಳ ಮಾತು ಮುಗಿದಂತಾಯಿತು. ಮನೆಗೆ ಬಂದರೆ ಅಡುಗೆಮನೆಯಲ್ಲಿ ಅಮ್ಮನ ಜೊತೆ ಕೂರುವಳು. ಅವನಿಗೆ "ಊಟ ಆಯ್ತಾ? ಮಾತ್ರೆ ತಗೊಂಡ್ರಾ?" ಅಷ್ಟೇ. ಚಿಕ್ಕಂದಿನಿಂದ ಅಪ್ಪನನ್ನು ನೀನು ಎನ್ನುತ್ತಿದ್ದವಳು ಈಗ ಬಹುವಚನ ಶುರುಮಾಡಿದ್ದಳು. ಆ ಗೌರವ ಕೇಳಿದಾಗಲೆಲ್ಲ ಅವನು ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಅಳಿಯ ಹಡಗಿನಲ್ಲಿ ಅಡುಗೆಯವನು. ಅರ್ಧ ವರ್ಷ ನೀರಿನ ಮೇಲೆಯೇ. ಅವನು ಹೊರಟ ಮೇಲೆ ಮಗಳು ತಾನು ಕೆಲಸ ಮಾಡುವ ಕನ್ನಡಕದಂಗಡಿಗೆ ರಜೆ ಹಾಕಿ ತವರಿಗೆ ಬಂದಳು. ಒಂದೇ ಸೂರಿನ ಕೆಳಗೆ ಇಬ್ಬರು ಮೂಗರನ್ನು ಇಟ್ಟುಕೊಂಡು ಬೇಸತ್ತ ತಾಯಿ, ಯಾರೋ ಹೇಳಿದ್ದನ್ನು ಕೇಳಿ ಈ ಬೆಟ್ಟದ ಪ್ರವಾಸ ಗಂಟುಹಾಕಿದ್ದಳು. ಮಂಡಿ ನೋವು ಅವಳ ಕೊನೆಯ ಅಸ್ತ್ರ.

ಆದರೆ ಅವಳಿಗೂ ತಿಳಿಯದ ಒಂದು ಸಂಗತಿ ಲಿಫ್ಟ್ ಮಾಮನ ಹೊಟ್ಟೆಯೊಳಗಿತ್ತು. ಆ ಮಗುವನ್ನು ಮನೆಯವರಲ್ಲಿ ಒಬ್ಬನೇ ಒಬ್ಬ ನೋಡಿದ್ದ. ಐದನೇ ಮಹಡಿಯಿಂದ ಆಯಾ ಅದನ್ನು ಕೆಳಗೆ ತಂದದ್ದು ಅವನ ಲಿಫ್ಟಿನಲ್ಲೇ. ಶವಾಗಾರವಿದ್ದ ನೆಲಮಾಳಿಗೆಯ ತನಕ ಅದು ಅವನ ಕೈಯಲ್ಲೇ ಇತ್ತು. ಮಗಳಿಗೆ ಹೇಳಬೇಕು ಎಂದು ಬಾಯಿತನಕ ಬಂದದ್ದೆಷ್ಟು ಸಲವೋ, ಮರೆಯೋದು ಕಷ್ಟ ಎಂಬ ಡಾಕ್ಟರ ಮಾತು ನೆನಪಾಗಿ ನುಂಗಿದ್ದೂ ಅಷ್ಟೇ ಸಲ. ಈಗ ಬೆಟ್ಟದ ದಾರಿಯಲ್ಲಿ ಅವನಿಗಿದ್ದ ಭಯ ಅದೇ. ಬಾಯಿ ತೆರೆದರೆ ಅದೇ ಹೊರಗೆ ಬಂದು ಮಗಳ ಹುಣ್ಣು ಕೆದಕಿದಂತಾದೀತು. ತೆರೆಯದಿದ್ದರೆ ಮಗಳು ಕೈತಪ್ಪಿಹೋಗುತ್ತಿದ್ದಾಳೆ.

ಕಾಡಿನ ಮೊದಲ ಭಾಗ ಬೆವರಿಳಿಸಿಬಿಟ್ಟಿತು. ಮರಗಳು ಎಷ್ಟು ಎತ್ತರವೆಂದರೆ ತಲೆಯೆತ್ತಿ ನೋಡಿದರೆ ಟೋಪಿ ಬೀಳುತ್ತಿತ್ತು. ಬೇರುಗಳು ನೆಲದೊಳಗೆ ಇರಲಾರೆವೆಂದು ಆಳೆತ್ತರದ ಗೋಡೆಗಳಾಗಿ ಎದ್ದು ನಿಂತಿದ್ದವು. ಎರಡು ಬೇರುಗಳ ನಡುವೆ ಮಂಚ ಹಾಕಿ ಸಂಸಾರ ಹೂಡಬಹುದಿತ್ತು. ಬಿಸಿಲು ಎಲ್ಲೋ ಮೇಲೆಯೇ ಉಳಿದು, ಕೆಳಗೆ ಬರೀ ಅದರ ಧಗೆ ಬರುತ್ತಿತ್ತು. ಜೀರುಂಡೆಗಳ ಸದ್ದು ಎಷ್ಟಿತ್ತೆಂದರೆ, ಅವು ಗಕ್ಕನೆ ನಿಂತಾಗಲೇ ಕಿವಿಗೆ ಗಾಬರಿಯಾಗುತ್ತಿತ್ತು.

ಗೈಡಿನ ಬಾಯಿ ಮಾತ್ರ ಜೀರುಂಡೆಗಳಿಗೂ ಸೋಲದು. "ಇಲ್ಲಿಗೆ ಎರಡು ಥರದ ಜನ ಬರ್ತಾರೆ ಸರ್. ಬಂದ ಕೂಡ್ಲೇ ಚಿರತೆ ತೋರ್ಸಪ್ಪ ಅನ್ನೋರು, ಟಾಯ್ಲೆಟ್ ತೋರ್ಸಪ್ಪ ಅನ್ನೋರು. ಎರಡೂ ಈ ದಾರೀಲಿಲ್ಲ." ಒಂದು ಮರವನ್ನು ತಬ್ಬಿಕೊಂಡು ಬೆಳೆದ ಇನ್ನೊಂದು ಮರ ತೋರಿಸಿದ. ಹಕ್ಕಿ ತಂದು ಹಾಕಿದ ಬೀಜ ಮೇಲೆ ಕೊಂಬೆಯಲ್ಲೇ ಮೊಳೆತು, ಬೇರು ಕೆಳಗಿಳಿಸಿ, ಕಡೆಗೆ ಆಶ್ರಯ ಕೊಟ್ಟ ಮರವನ್ನೇ ಮುಗಿಸುತ್ತದಂತೆ. "ಬಾಡಿಗೆಗೆ ಬಂದೋನು ಮನೇನೇ ನುಂಗಿಹಾಕ್ದ," ಎಂದು ತನ್ನ ಮಾತಿಗೆ ತಾನೇ ನಕ್ಕ.

ದಾರಿ ತೊರೆಯ ಪಕ್ಕಕ್ಕೆ ಹೊರಳಿದಾಗ ಮಗಳು ನಿಂತುಬಿಟ್ಟಳು. ಅವಳ ಹಿಮ್ಮಡಿಯ ಮೇಲೆ ಜಿಗಣೆಯೊಂದು ಊದಿಕೊಂಡು ಕೂತಿತ್ತು. ಅವಳಿಗೆ ಚಿಕ್ಕಂದಿನಿಂದಲೂ ಹುಳು ಹುಪ್ಪಟೆ ಎಂದರೆ ಜೀವ ಹೋಗುತ್ತದೆ. ಲಿಫ್ಟ್ ಮಾಮ ಗೈಡಿನಿಂದ ಉಪ್ಪಿನ ಪೊಟ್ಟಣ ಇಸಿದುಕೊಂಡು, ನೆಲಕ್ಕೆ ಕೂತು, ಅವಳ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಜಿಗಣೆ ಉದುರಿಸಿದ. ರಕ್ತ ನಿಲ್ಲುವ ತನಕ ಹೆಬ್ಬೆರಳು ಒತ್ತಿ ಹಿಡಿದ. ಅವಳು ಸಮತೋಲನಕ್ಕೆ ಅವನ ಭುಜದ ಮೇಲೆ ಕೈ ಇಟ್ಟಿದ್ದಳು. ಆ ಕೈ ಅಲ್ಲೇ ಇನ್ನಷ್ಟು ಹೊತ್ತು ಇರಲಿ ಎಂದು ಅವನು ರಕ್ತ ನಿಂತ ಮೇಲೂ ಹೆಬ್ಬೆರಳು ತೆಗೆಯಲಿಲ್ಲ.

"ಥ್ಯಾಂಕ್ಸ್," ಎಂದಳು ಮಗಳು, ಕಾಲು ಎಳೆದುಕೊಂಡು.

ಮಗಳು ಅಪ್ಪನಿಗೆ ಥ್ಯಾಂಕ್ಸ್ ಹೇಳುವ ಕಾಲ ಬಂತಲ್ಲ ಎಂದು ಅವನು ಉಪ್ಪಿನ ಪೊಟ್ಟಣ ಮಡಚಿದ.

ಜಲಪಾತದ ಹತ್ತಿರ ತಿಂಡಿಗೆ ಕೂತರು. ಕರಿಬಂಡೆಯ ಮೇಲಿನಿಂದ ನೀರು ಮೂರು ಸಲ ಮುರಿದುಕೊಂಡು ಬೀಳುತ್ತಿತ್ತು; ಬಿದ್ದಲ್ಲಿಂದ ತಣ್ಣನೆಯ ಗಾಳಿಯೆದ್ದು ಸುತ್ತಲಿನ ಎಲೆಗಳೆಲ್ಲ ತಲೆ ಅಲ್ಲಾಡಿಸುತ್ತಿದ್ದವು. ಮನೆಯ ಕುಂಡದಲ್ಲಿ ಗೇಣುದ್ದ ಇರುವ ಜರೀಗಿಡ ಇಲ್ಲಿ ಮರವಾಗಿ, ಛತ್ರಿ ಬಿಚ್ಚಿ ನಿಂತಿತ್ತು. ಲಿಫ್ಟ್ ಮಾಮ ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸಿ, ಹಳೆಯ ಅಭ್ಯಾಸದಂತೆ, ಮೊದಲನೆಯದನ್ನು ಮಗಳ ಮುಂದೆ ಹಿಡಿದ.

"ಬೇಡ, ನೀವು ತಿನ್ನಿ."

ಈಗ ಹೇಳಿಬಿಡೋಣ ಎಂದು ಅವನು ಉಸಿರೆಳೆದುಕೊಂಡ. ಬಾಯಿ ತೆರೆದ.

"ನೀರು ಜಾಸ್ತಿ ಇದೆ ಈ ಸಲ," ಎಂದ.

ಈ ಸಲವಂತೆ! ಹಿಂದಿನ ಸಲ ಯಾವಾಗ ಬಂದಿದ್ದನೋ ದೇವರೇ ಬಲ್ಲ. ಮಗಳು ನೀರಿನ ಕಡೆ ನೋಡಿ "ಹೂಂ" ಎಂದಳು. ಮೊಟ್ಟೆ ಅವನೇ ತಿಂದ.

ಅಲ್ಲಿಂದ ಮೇಲೆ ಕಾಡು ಬದಲಾಯಿತು. ಧಗೆ ಹೋಗಿ ಚಳಿ ಹಿಡಿಯಿತು. ಆಕಾಶಕ್ಕೆ ಹೋಗಿದ್ದ ಮರಗಳು ಇಲ್ಲಿ ಮೋಟಾಗಿ, ಸೊಟ್ಟಸೊಟ್ಟಗೆ ಬಾಗಿ, ಮೈತುಂಬ ಪಾಚಿ ಹೊದ್ದು ನಿಂತಿದ್ದವು. ಮುಟ್ಟಿದರೆ ಪಾಚಿಯಿಂದ ನೀರು ಸುರಿಯುತ್ತಿತ್ತು. ಕೊಂಬೆಗಳ ಮೇಲೆ ಉಗುರಿನಷ್ಟು ಸಣ್ಣ ಹೂಗಳು. ಮಳೆಯಿಲ್ಲ, ಆದರೂ ಎಲ್ಲ ಕಡೆ ತೊಟತೊಟ ಹನಿ. "ಇಲ್ಲಿ ಮೋಡಾನೇ ನಡ್ಕೊಂಡು ಬರತ್ತೆ ಸರ್," ಎಂದ ಗೈಡು. "ಈ ಪಾಚಿ ಅದನ್ನ ಹಿಡಿದು ಹಿಂಡಿಕೊಳ್ಳತ್ತೆ. ಕೆಳಗಿನ ಊರೋರೆಲ್ಲ ಕುಡಿಯೋದು ಇದೇ ನೀರು." ಹೇಳುತ್ತಿದ್ದಂತೆಯೇ ಮೋಡ ಬಂದೇ ಬಂತು. ಹತ್ತು ಮಾರಿನಾಚೆಯ ಮರಗಳು ಒಂದೊಂದಾಗಿ ಬಿಳುಪಿನೊಳಗೆ ಹೋದವು.

ಆಗ ತಲೆಯ ಮೇಲೆ ಬುಸ್ಸು ಬುಸ್ಸೆಂದು, ಯಾರೋ ದೊಡ್ಡ ಬೀಸಣಿಗೆ ಬೀಸಿದಂತೆ ಸದ್ದಾಯಿತು. ಮಗಳು ಬೆದರಿ ಅಪ್ಪನ ಕಡೆ ಒಂದು ಹೆಜ್ಜೆ ಸರಿದಳು. ಭಾರೀ ಕೊಕ್ಕಿನ ಹಕ್ಕಿಯೊಂದು ಮೋಡವನ್ನು ಸೀಳಿಕೊಂಡು ಕೆಳಗಿನ ಕಣಿವೆಗೆ ಇಳಿಯಿತು.

"ಮಂಗಟ್ಟೆ ಹಕ್ಕಿ!" ಗೈಡು ಕುಣಿದಾಡಿಬಿಟ್ಟ. "ನಿಮ್ಮ ಅದೃಷ್ಟ ಚೆನ್ನಾಗಿದೆ. ಅದು ಗಂಡು. ಗೂಡಿಗೆ ಹಣ್ಣು ತಗೊಂಡು ಹೋಗ್ತಾ ಇದೆ. ಹೆಣ್ಣು ಮರದ ಪೊಟರೆ ಒಳಗೆ ಕೂತ್ಕೊಂಡು ಬಾಗಿಲಿಗೆ ಮಣ್ಣು ಮೆತ್ಕೊಂಡು ಬಿಡತ್ತೆ ಮೇಡಂ. ಒಂದು ಸಣ್ಣ ಸೀಳು, ಅಷ್ಟೇ. ಮೊಟ್ಟೆ ಒಡೆದು ಮರಿ ದೊಡ್ಡದಾಗೋ ತನಕ ಗಂಡು ಹೊರಗಿಂದ ಉಣಿಸ್ಬೇಕು. ಒಳ್ಳೇ ಬಾಣಂತನ! ಅಂದ ಹಾಗೆ ಮೇಡಂ, ನಿಮಗೆ ಮಕ್ಕಳೆಷ್ಟು?"

ಪಾಪ, ಅವನದೇನು ತಪ್ಪು? ದಾರಿ ಸಾಗಲೆಂದು ಎಲ್ಲರನ್ನೂ ಕೇಳುವ ಮಾತು ಅದು.

ಮಗಳು ಹಕ್ಕಿ ಹೋದ ಕಣಿವೆಯ ಕಡೆ ನೋಡಿದಳು. "ಒಬ್ಬಳಿದ್ದಳು," ಎಂದಳು.

ಗೈಡಿನ ಬಾಯಿ ಅಂದು ಮೊದಲ ಸಲ ಮುಚ್ಚಿತು. ಅವನು ಅಪ್ಪನ ಮುಖ ನೋಡಿದ, ಮಗಳ ಮುಖ ನೋಡಿದ. "ಮುಂದೆ ಒಂದು ಮರದ ಸೇತುವೆ ಇದೆ ಮೇಡಂ. ಹಲಗೆ ಜಾರ್ತಾ ಇದೆಯಾ ನೋಡ್ಕೊಂಡ್ಬರ್ತೀನಿ," ಎಂದು ಮೋಡದೊಳಗೆ ನಡೆದ.

ಲಿಫ್ಟ್ ಮಾಮನ ಹಿಂದೆ ಮೂಗೆಳೆದ ಸದ್ದಾಯಿತು. ಅಷ್ಟೇ ಸಾಕಾಯಿತು. ಅವನ ಕಾಲು ತಾನಾಗಿ ತಿರುಗಿತು, ಬೆನ್ನು ಮಗಳಿಗಾಯಿತು, ಮುಖ ಒಂದು ಪಾಚಿ ಹಿಡಿದ ಮರಕ್ಕೆ ಗೇಣುದೂರದಲ್ಲಿ ಬಂದು ನಿಂತಿತು. ಹಿಂದೆ ಅವಳು ಬಿಕ್ಕುತ್ತಿದ್ದಳು. ತಿರುಗು, ತಿರುಗು ಎಂದು ಮನಸ್ಸು ಹೇಳುತ್ತಿತ್ತು, ಮೈ ಕೇಳುತ್ತಿರಲಿಲ್ಲ.

"ಅಪ್ಪಾ."

ಅವನು ಅಲ್ಲಾಡಲಿಲ್ಲ.

"ಇಲ್ಲಿ ಬಾಗಿಲಿಲ್ಲಪ್ಪ. ಯಾವ ಬಾಗಿಲು ನೋಡ್ತಾ ನಿಂತಿದೀಯ?"

ಅವನು ತಿರುಗಿದ. ಮಗಳ ಮುಖ ಪೂರ್ತಿ ಒದ್ದೆಯಾಗಿತ್ತು, ಮೂಗು ಕೆಂಪಗಾಗಿತ್ತು, ಮೋಡದ ಹನಿ ಕೂತು ಕೂದಲು ಬೆಳ್ಳಗೆ ಕಾಣುತ್ತಿತ್ತು. ಇಷ್ಟು ವರ್ಷ ಸಾವಿರಾರು ಜನ ತನ್ನ ಹಿಂದೆ ಅತ್ತಿದ್ದಾರೆ. ಅಳುವ ಮುಖವೊಂದನ್ನು ಎದುರಿಗೆ ನಿಂತು ನೋಡಿದ್ದು ಇದೇ ಮೊದಲು ಎಂದು ಅವನಿಗೆ ಅನಿಸಿತು.

"ಎಲ್ಲರನ್ನೂ ಕೇಳಿದೆ," ಎಂದಳು ಮಗಳು. "ಇವರನ್ನ ಕೇಳಿದೆ, ನಾನು ನೋಡ್ಲಿಲ್ಲ, ಧೈರ್ಯ ಆಗಲಿಲ್ಲ ಅಂದ್ರು. ಅಮ್ಮನ್ನ ಒಳಗೆ ಬಿಡಲಿಲ್ವಂತೆ. ನರ್ಸು ಮರೆತುಬಿಡಮ್ಮ ಅಂದಳು. ಏನಂತ ಮರೀಲಿ? ಮುಖಾನೇ ಗೊತ್ತಿಲ್ಲ ನಂಗೆ. ಕನಸಲ್ಲಿ ಬರ್ತಾಳೆ, ಒಂದೊಂದು ಸಲ ಒಂದೊಂದು ಮುಖ. ಅಂಗಡಿಗೆ ಬರೋ ಮಕ್ಕಳ ಮುಖ ಎಲ್ಲ ಅವಳಿಗೆ ಹಾಕಿ ಹಾಕಿ ನೋಡ್ತೀನಿ. ನನ್ನ ಮಗಳು ಹೇಗಿದ್ದಳು ಅಂತ ಹೇಳೋರು ಈ ಭೂಮಿ ಮೇಲೆ ಒಬ್ಬರೂ ಇಲ್ವಲ್ಲಪ್ಪ."

ಲಿಫ್ಟ್ ಮಾಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಒಂದು ವರ್ಷ. ಒಂದು ವರ್ಷ ಇವಳು ಮನೆಮನೆ ಬಾಗಿಲು ತಟ್ಟಿದ್ದಾಳೆ, ಇವಳಿಗೆ ಬೇಕಾದ್ದನ್ನು ಜೋಪಾನವಾಗಿ ಮುಚ್ಚಿಟ್ಟುಕೊಂಡು ತಾನು ಸ್ಟೂಲಿನ ಮೇಲೆ ಕೂತಿದ್ದೇನೆ.

"ನಾನು ನೋಡಿದೀನಿ," ಎಂದ.

ಅವಳಿಗೆ ಅರ್ಥವಾಗಲಿಲ್ಲ. "ಏನು?"

"ಮಗೂನ. ನಾನು ನೋಡಿದೀನಿ ಮಗಳೇ. ಎತ್ಕೊಂಡಿದೀನಿ."

ಮಗಳು ಅಲ್ಲೇ ಒದ್ದೆ ಬಂಡೆಯ ಮೇಲೆ ಕೂತಳು. ಅವನು ಅವಳ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ.

"ಆಯಾ ಟ್ರೇ ಮೇಲೆ ಇಟ್ಕೊಂಡು ಬಂದಳು. ಟ್ರೇ ಬೇಡಮ್ಮ, ಕೈಗೆ ಕೊಡು ಅಂದೆ. ನಾನು ಯಾರು ಅಂತ ಅವಳಿಗೂ ಗೊತ್ತಿತ್ತಲ್ಲ, ಕೊಟ್ಟಳು."

"ಮುಖ ನೋಡಿದ್ಯಾ?"

"ಬಟ್ಟೆ ಸರಿಸಿ ನೋಡಿದೆ. ನಾನು ಯಾರ ಮುಖಾನೂ ನೋಡೋನಲ್ಲ. ಅವಳದು ನೋಡಿದೆ. ಕೂದಲು ತುಂಬ ಇತ್ತು. ಕಪ್ಪಗೆ, ಒದ್ದೆ ಒದ್ದೆ, ಹಣೆಗೆ ಅಂಟ್ಕೊಂಡಿತ್ತು. ಬೆರಳಲ್ಲಿ ಹಿಂದಕ್ಕೆ ಸವರಿದೆ, ಮತ್ತೆ ಮುಂದಕ್ಕೆ ಬಂತು. ನಿನ್ನ ಕೂದಲೂ ಹಾಗೇ ಅಲ್ವಾ, ಹೇಳಿದ ಮಾತು ಕೇಳಲ್ಲ."

"ಕಣ್ಣು?"

"ಮುಚ್ಚಿತ್ತು. ಹುಬ್ಬು ಗಂಟು ಹಾಕ್ಕೊಂಡಿತ್ತು, ಯಾರ ಮೇಲೋ ಸಿಟ್ಟು ಬಂದ ಹಾಗೆ. ಅದು ನಿಮ್ಮಮ್ಮನೇ."

ಮಗಳ ಬಾಯಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ಬಂತು. ಅವನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಹೇಳು. ಇನ್ನೂ ಹೇಳು."

"ಕೈ ಮುಷ್ಟಿ ಮಾಡಿತ್ತು. ಬಿಡಿಸಿ ನೋಡಿದೆ. ಉಗುರು ಬೆಳೆದಿತ್ತು, ಎಷ್ಟು ಸಣ್ಣ ಉಗುರು ಅಂತೀಯ! ಕತ್ತರಿಸ್ಬೇಕಿತ್ತು ಅನ್ನೋ ಹಾಗೆ ಬೆಳೆದಿತ್ತು."

"ತಣ್ಣಗಿದ್ದಳಾ ಅಪ್ಪ?"

ಇದನ್ನು ಕೇಳುವಾಗ ಅವಳ ದನಿ ಕೆಳಗಿಳಿದಿತ್ತು. ವರ್ಷದಿಂದ ಅವಳನ್ನು ತಿನ್ನುತ್ತಿದ್ದುದು ಇದೇ ಎಂದು ಅವನಿಗೆ ಹೊಳೆಯಿತು.

"ಇಲ್ಲ," ಎಂದ. "ಬೆಚ್ಚಗಿದ್ದಳು. ನಿನ್ನ ಮೈ ಬಿಸಿ ಅದು. ನನ್ನ ಕೈಗೆ ಕೊಟ್ಟಾಗ ಇನ್ನೂ ಆರಿರಲಿಲ್ಲ."

ಮಗಳು ಅವನ ಭುಜಕ್ಕೆ ಹಣೆ ಒತ್ತಿ ಅತ್ತಳು. ಲಿಫ್ಟ್ ಮಾಮನೂ ಅತ್ತ. ಹನಿ ತೊಟ್ಟಿಕ್ಕುತ್ತಿತ್ತು, ಮೋಡ ಅವರ ಸುತ್ತ ನಿಂತಿತ್ತು. ಅಳುವಿನ ನಡುವೆಯೇ ಅವನು ಮುಂದುವರಿಸಿದ. ಒಮ್ಮೆ ಬಾಯಿ ತೆರೆದ ಮೇಲೆ ಅದು ನಿಲ್ಲುವಂತಿರಲಿಲ್ಲ.

"ನಾಲ್ಕನೇ ಮಹಡೀಲಿ ಯಾರೋ ಹತ್ತೋಕೆ ಬಂದ್ರು. ಲಿಫ್ಟ್ ಕೆಟ್ಟಿದೆ ಅಂದ್ಬಿಟ್ಟೆ. ಅವತ್ತಿನ ತನಕ ಆ ಸುಳ್ಳು ಹೇಳಿರಲಿಲ್ಲ ನಾನು. ಬಾಗಿಲು ಹಾಕಿ, ಅವಳಿಗೆ ಮಹಡಿ ಹೇಳ್ತಾ ಹೋದೆ."

"ಯಾರಿಗೆ?"

"ಅವಳಿಗೇ. ಪುಟ್ಟಿ, ಇದು ನಾಲ್ಕನೇ ಮಹಡಿ, ಎದೆ ನೋವಿನೋರು ಇಲ್ಲಿರ್ತಾರೆ. ಇದು ಮೂರನೇದು, ನಿಮ್ಮಮ್ಮ ಚಿಕ್ಕೋಳಿದ್ದಾಗ ಕಣ್ಣು ತೋರಿಸೋಕೆ ಇಲ್ಲಿಗೇ ಬಂದಿದ್ದಳು. ಇದು ಎರಡನೇದು... ಹಾಗೆ. ಆ ಮಗೂಗೆ ಈ ಲೋಕದಲ್ಲಿ ಯಾರೂ ಏನೂ ತೋರಿಸಿರಲಿಲ್ಲ ಮಗಳೇ. ನಂಗೆ ಗೊತ್ತಿರೋ ಲೋಕ ಅಷ್ಟೇ. ಅಷ್ಟನ್ನಾದ್ರೂ ತೋರಿಸಿ ಕಳಿಸೋಣ ಅಂತ. ಆಯಾ ನನ್ನ ನೋಡಿ ಇವನಿಗೆ ಏನೋ ಆಗಿದೆ ಅನ್ಕೊಂಡಳೋ ಏನೋ. ನೆಲಮಾಳಿಗೆ ಬಂದ ಮೇಲೂ ನಂಗೆ ಕೊಡೋಕೆ ಮನಸ್ಸಾಗಲಿಲ್ಲ. ಇನ್ನೊಂದು ಸಲ ಮೇಲೆ ಹೋಗಿ ಬರೋಣ ಅನ್ನಿಸ್ತು."

ಮಗಳು ತಲೆಯೆತ್ತಲಿಲ್ಲ. ಅವನು ಅವಳ ಬೆನ್ನು ಸವರುತ್ತ ಕೂತ.

"ನಿನ್ನ ಮನೆಗೆ ಕಳಿಸಿದ ದಿನ ನಿನ್ನ ಮುಖ ನೋಡಿದ್ರೆ ಇದೆಲ್ಲ ಬಾಯಿಂದ ಬಿದ್ದುಹೋಗ್ತಿತ್ತು. ನಿಂಗೆ ತೋರಿಸಬಾರದು, ಮರೆಯೋದು ಕಷ್ಟ ಆಗತ್ತೆ ಅಂದಿದ್ರು ಎಲ್ಲರೂ. ಅದಕ್ಕೇ ಬಾಗಿಲ ಕಡೆ ತಿರುಗಿದೆ. ತಪ್ಪಾಯ್ತು."

ಅದಕ್ಕೆ ಮಗಳು ಪರವಾಗಿಲ್ಲ ಎನ್ನಲಿಲ್ಲ, ಬಿಡು ಎನ್ನಲಿಲ್ಲ. ಸೆರಗಿಗೆಂದು ಕೈ ಹಾಕಿ, ತೊಟ್ಟಿರುವುದು ಪ್ಯಾಂಟು ಶರ್ಟು ಎಂದು ನೆನಪಾಗಿ, ತೋಳಿನಿಂದಲೇ ಮೂಗು ಒರೆಸಿಕೊಂಡಳು.

"ಮೊದಲಿಂದ ಹೇಳು," ಎಂದಳು. "ಆಯಾ ಬಂದಳಲ್ಲ, ಅಲ್ಲಿಂದ."

ಅವನು ಮೊದಲಿಂದ ಹೇಳಿದ.

ಗೈಡು ಸೇತುವೆಯ ಹಲಗೆಗಳನ್ನು ಅದೆಷ್ಟು ಸಲ ಪರೀಕ್ಷಿಸಿದನೋ, ಬಹಳ ಹೊತ್ತಿನ ಮೇಲೆ ಕೆಮ್ಮುತ್ತ ಬಂದ. ಬೆಟ್ಟದ ತುದಿ ಹತ್ತಿರದಲ್ಲೇ ಇದೆ, ಹೋಗೋಣವೇ ಎಂದು ಮೆಲ್ಲಗೆ ಕೇಳಿದ. ಹೋದರು. ತುದಿಯಲ್ಲಿ ಮರಗಳೇ ಇರಲಿಲ್ಲ. ಬೋಳು ಬಂಡೆ, ಅದರ ಬಿರುಕಿನಲ್ಲಿ ಮೊಳಕಾಲೆತ್ತರದ ಪೊದೆ, ನಿಂತಲ್ಲಿ ನಿಲ್ಲಲು ಬಿಡದ ಗಾಳಿ. ಆ ಗಾಳಿಗೆ ಮೋಡ ಒಂದು ಕಡೆಯಿಂದ ಹರಿದು, ಕೆಳಗೆ ಒಂದರ ಹಿಂದೊಂದು ಬೆಟ್ಟಗಳು, ಅವುಗಳ ನಡುವೆ ಕಡುಹಸಿರಿನ ಕಣಿವೆ, ದೂರದಲ್ಲಿ ಜಲಪಾತದ ಬಿಳಿ ಎಳೆ, ಎಲ್ಲ ಕಂಡವು. ಗೈಡು ಬೆಟ್ಟಗಳ ಹೆಸರು ಹೇಳಲು ಬಾಯಿ ತೆರೆದು, ಇಬ್ಬರ ಮುಖ ನೋಡಿ, ಬುದ್ಧಿವಂತ, ಸುಮ್ಮನಾದ. ಅಪ್ಪ ಮಗಳು ಕೈ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

ಇಳಿಯುವಾಗ ದಾರಿಯುದ್ದಕ್ಕೂ ಲಿಫ್ಟ್ ಮಾಮ ಮಾತಾಡಿದ. ಪಾಚಿಯ ಕಾಡಿನಲ್ಲಿ ಒಂದು ಸಲ ಹೇಳಿದ, ಜಲಪಾತದ ಬಳಿ ನೀರಿನ ಸದ್ದಿಗೆ ದನಿ ಏರಿಸಿ ಹೇಳಿದ, ಬೇರಿನ ಗೋಡೆಗಳ ನಡುವೆ ಮತ್ತೊಂದು ಸಲ ಹೇಳಿದ. ಪ್ರತಿ ಸಲವೂ ಮಗಳು ಏನಾದರೂ ಹೊಸದನ್ನು ಕೇಳುತ್ತಿದ್ದಳು: ಕಿವಿ ಹೇಗಿತ್ತು, ಬಟ್ಟೆ ಯಾವ ಬಣ್ಣ, ಭಾರವಾಗಿದ್ದಳಾ. ನೆನಪಿದ್ದದ್ದಕ್ಕೆ ಉತ್ತರ ಕೊಟ್ಟ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎಂದ, ಸುಳ್ಳು ಸೇರಿಸಲಿಲ್ಲ. ಇಬ್ಬರ ಕಾಲಿಗೂ ಜಿಗಣೆ ಹತ್ತಿದ್ದು ಗೇಟು ದಾಟುವ ತನಕ ಯಾರ ಗಮನಕ್ಕೂ ಬರಲಿಲ್ಲ.

ತಾಯಿ ಗೆಸ್ಟ್ ಹೌಸಿನ ಜಗುಲಿಯ ಬೆಂಚಿನಲ್ಲಿ ಕೂತಿರಲಿಲ್ಲ. ಅದರ ಮುಂದೆ ಶತಪಥ ಹಾಕುತ್ತಿದ್ದಳು. ಕುಡಿದಿಟ್ಟ ಚಹದ ಲೋಟಗಳು ಬೆಂಚಿನ ಮೇಲೆ ಸಾಲಾಗಿದ್ದವು. ಮಗಳು ಅಪ್ಪನ ತೋಳು ಹಿಡಿದು ಬರುವುದನ್ನು ಕಂಡು ಗಕ್ಕನೆ ನಿಂತಳು, ಅವಸರವಾಗಿ ಬೆಂಚಿಗೆ ಕೂತು ಕಾಲು ಚಾಚಿದಳು. ಮುಖದ ಮೇಲಿನ ಸಂತೋಷವನ್ನು ಮಾತ್ರ ಅಡಗಿಸಲಾಗಲಿಲ್ಲ.

"ಬಂದ್ರಾ? ಎಷ್ಟು ಹೊತ್ತು ಮಾಡಿದ್ರಿ! ಏನೇನು ನೋಡಿದ್ರಿ ಮೇಲೆ?"

ಮಗಳು ಅವಳ ಮುಂದೆ ಮಂಡಿಯೂರಿ ಕೂತಳು. "ಅಮ್ಮಾ, ಅಪ್ಪ ಮಗೂನ ನೋಡಿದಾನಂತೆ. ಎತ್ಕೊಂಡಿದ್ನಂತೆ, ಕೆಳಗೆ ಹೋಗೋ ತನಕ."

ತಾಯಿಯ ಚಾಚಿದ ಕಾಲು ತಾನಾಗಿ ಮಡಚಿಕೊಂಡಿತು. ಅವಳು ಗಂಡನ ಮುಖ ನೋಡಿದಳು. ಒಂದೇ ಹಾಸಿಗೆಯ ಆಚೆ ಬದಿಯಲ್ಲಿ ವರ್ಷವಿಡೀ ಇದನ್ನು ಇಟ್ಟುಕೊಂಡು ಮಲಗಿದ್ದವನನ್ನು ಬೈಯಲು ಅವಳ ಬಾಯಲ್ಲಿ ಬೇಕಾದಷ್ಟು ಮಾತಿತ್ತು. ಆದರೆ ಅವಳೂ ಆ ಮಗುವಿನ ಅಜ್ಜಿ. ಅವಳನ್ನೂ ಯಾರೂ ಒಳಗೆ ಬಿಟ್ಟಿರಲಿಲ್ಲ, ಅವಳೂ ಯಾರನ್ನೂ ಕೇಳಿರಲಿಲ್ಲ. ಚಹದ ಲೋಟಗಳನ್ನು ನೆಲಕ್ಕಿಳಿಸಿ, ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಇಬ್ಬರಿಗೂ ಜಾಗ ಮಾಡಿದಳು.

"ನಂಗೂ ಹೇಳಿ," ಎಂದಳು.

ಲಿಫ್ಟ್ ಮಾಮ ಕೂತು ಗಂಟಲು ಸರಿಮಾಡಿಕೊಂಡ. ಆದರೆ ಅವನಿಗಿಂತ ಮೊದಲೇ ಮಗಳು ಶುರುಮಾಡಿಬಿಟ್ಟಳು.

"ಕೂದಲು ತುಂಬ ಇತ್ತಮ್ಮ ಅವಳಿಗೆ."